ಹಳೆಯ ಸಿನಿಮಾ ಹಾಡಿನ ಪುಸ್ತಕಗಳಿಂದ ವಿಕಿ ಮಾಡುತ್ತಿದ್ದೇವೆ, ಕಾಪಿರೈಟ್ ಬಗ್ಗೆ ಸಲಹೆ ಬೇಕು

ಪದ್ಯಾವಳಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರಮಾವನಿಗೆ ಸಿನಿಮಾ ಅಂದರೆ ಪ್ರಾಣ. ಟೆಂಟಿನಲ್ಲಿ ನೋಡಿದ ಪ್ರತಿ ಸಿನಿಮಾದ ಹಾಡಿನ ಪುಸ್ತಕವನ್ನೂ ಕೊಂಡು ಒಂದು ಕಬ್ಬಿಣದ ಟ್ರಂಕಿನಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಆ ಟ್ರಂಕನ್ನು ನನಗೆ ಕೊಟ್ಟರು. ಒಳಗೆ 143 ಪುಸ್ತಕ ಇವೆ. ಅಂಗೈಗಿಂತ ಸ್ವಲ್ಪ ದೊಡ್ಡವು, ಎಂಟೋ ಹನ್ನೆರಡೋ ಪುಟ, ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆಯಲ್ಲಿ ಕಂದು ಕಲೆ. ತಾರಾಗಣ, ಹಾಡುಗಳು, ಆಮೇಲೆ ಒಂದೂವರೆ ಪುಟ ಕಥಾಸಾರಾಂಶ. ಕಥೆ ಬಿಸಿಯಾಗುವ ಹೊತ್ತಿಗೆ ಸರಿಯಾಗಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಅಂತ ನಿಲ್ಲಿಸಿಬಿಡುತ್ತಾರೆ. ಮಾವ ಪ್ರತಿ ಪುಸ್ತಕದ ಹಿಂಬದಿಯಲ್ಲೂ ಪೆನ್ಸಿಲ್‌ನಲ್ಲಿ ತಾರೀಕು, ಊರು, ಟಿಕೆಟ್ ದರ, ಯಾರ ಜೊತೆ ಹೋಗಿದ್ದರು ಅಂತ ಬರೆದಿದ್ದಾರೆ.

ನಾವು ಆರು ಜನ ಸೇರಿ ಇದನ್ನೆಲ್ಲ ವಿಕಿ ಮಾಡಲು ಶುರು ಮಾಡಿ ಹನ್ನೊಂದು ತಿಂಗಳಾಯಿತು. ವಿಕಿಪೀಡಿಯದವರು ಬಳಸುವ ಮೀಡಿಯಾವಿಕಿ ತಂತ್ರಾಂಶ ಹಾಕಿಕೊಂಡಿದ್ದೇವೆ, ಸರ್ವರ್ ಬಾಡಿಗೆ ನಮ್ಮ ಕೈಯಿಂದಲೇ, ಜಾಹೀರಾತು ಇಲ್ಲ. 61 ಸಿನಿಮಾಗಳ ಪುಟ ಆಗಿದೆ. 380 ಹಾಡು ಟೈಪ್ ಮಾಡಿದ್ದೇವೆ. ಮುಖಪುಟಗಳ ಸ್ಕ್ಯಾನ್ ಇದೆ, ಕಥಾಸಾರಾಂಶವನ್ನು ಪುಸ್ತಕದಲ್ಲಿ ಇದ್ದ ಹಾಗೇ ಹಾಕಿದ್ದೇವೆ, ಕಲಾವಿದರ ಪರಿಚಯವನ್ನು ಕನ್ನಡ ವಿಕಿಪೀಡಿಯದಿಂದ ತೆಗೆದುಕೊಂಡಿದ್ದೇವೆ. ಪುಟದ ಕೆಳಗೆ ‘ಅಭಿಮಾನಕ್ಕಾಗಿ ಮಾಡಿದ್ದು, ಕೃತಿಸ್ವಾಮ್ಯ ಉಲ್ಲಂಘನೆಯ ಉದ್ದೇಶ ಇಲ್ಲ’ ಅಂತ ಒಂದು ಸಾಲು ಇದೆ.

ಹೋದ ವಾರ ಎರಡು ವಿಷಯ ಆಯಿತು. ನಮ್ಮಲ್ಲೇ ಒಬ್ಬರು, ಹಾಡುಗಳನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಕೇಸು ಬೀಳುತ್ತದೆ ಅಂದರು. ಅದೇ ದಿನ ಇನ್ನೊಂದು ಸೈಟಿನವರು ನಮ್ಮ ಅಷ್ಟೂ ಪುಟ ಎತ್ತಿಕೊಂಡು ಜಾಹೀರಾತಿನ ಸಮೇತ ಹಾಕಿರುವುದು ಕಣ್ಣಿಗೆ ಬಿತ್ತು. ನಾವು ಮಾಡಿದ ಅಕ್ಷರತಪ್ಪುಗಳೂ ಹಾಗೇ ಇವೆ. ರಾತ್ರಿ ಕೂತು ಕುಟ್ಟಿದ್ದು ನಾವು, ಹೊಟ್ಟೆ ಉರಿಯುತ್ತದೆ ಅಲ್ವಾ? ಏನು ಇಟ್ಟುಕೊಳ್ಳಬಹುದು, ಏನು ತೆಗೆಯಬೇಕು, ನಮ್ಮ ವಿಕಿಗೆ ಯಾವ ಲೈಸೆನ್ಸ್ ಹಾಕಬೇಕು, ತಿಳಿದವರು ಹೇಳಿ.


ಮಲ್ನಾಡ್‌ಸಂಪಾದಕ ಉತ್ತರ

ಮೊದಲು ಒಂದು ಮಾತು, ಈ ಕೆಲಸ ನಿಲ್ಲಿಸಬೇಡಿ. ಆ ಪುಸ್ತಕಗಳನ್ನು ಸಿನಿಮಾ ಮುಗಿದ ಮೇಲೆ ಎಸೆಯುತ್ತಿದ್ದರು. 143 ಒಂದೇ ಕಡೆ ಉಳಿದಿರುವುದು ದೊಡ್ಡ ವಿಷಯ.

ನಾನು ಹದಿನಾಲ್ಕು ವರ್ಷದಿಂದ ವಿಕಿಗಳಲ್ಲಿ ಬರೆಯುತ್ತೇನೆ. ಒಂದು ಗೆರೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಾಹಿತಿಗೆ ಯಾರೂ ಒಡೆಯರಿಲ್ಲ. ಅದನ್ನು ಹೇಳಿದ ಮಾತುಗಳಿಗೆ ಒಡೆಯರಿದ್ದಾರೆ. ಯಾರು ನಟಿಸಿದರು, ಯಾರು ಹಾಡಿದರು, ಯಾವ ವರ್ಷ ಬಿಡುಗಡೆ, ಪುಸ್ತಕದಲ್ಲಿ ಎಷ್ಟು ಹಾಡು, ಪುಸ್ತಕದಲ್ಲಿ ಇದ್ದು ಸಿನಿಮಾದಲ್ಲಿ ಬಿಟ್ಟುಹೋದ ಹಾಡು ಯಾವುದು, ಇದೆಲ್ಲ ಧಾರಾಳವಾಗಿ ಹಾಕಿ. ಕಥೆಯನ್ನೂ ಹೇಳಬಹುದು, ನಿಮ್ಮ ಮಾತಿನಲ್ಲಿ, ಚಿಕ್ಕದಾಗಿ. ನಮ್ಮ ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ, ವಿಚಾರಕ್ಕೆ, ವಸ್ತುವಿಗೆ, ಕಥೆಯ ಎಳೆಗೆ ಕಾಪಿರೈಟ್ ಇಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಇದೆ ಅಂತ.

ಅಭಿಮಾನಿಗಳ ಕೆಲಸ ಎಲ್ಲಿ ಎಡವುತ್ತದೆ ಅನ್ನುವುದಕ್ಕೆ ಹ್ಯಾರಿ ಪಾಟರ್ ಲೆಕ್ಸಿಕಾನ್ ಕೇಸು ನೋಡಿ. ಅದು ಅಭಿಮಾನಿಯೊಬ್ಬರು ಕಟ್ಟಿದ ಸೈಟು. ಲೇಖಕಿ ರೌಲಿಂಗ್ ಅವರೇ ಅದನ್ನು ಹೊಗಳಿದ್ದರು. ಅದನ್ನು ಪುಸ್ತಕ ಮಾಡಿ ಮಾರಲು ಹೊರಟಾಗ ಅವರೂ ವಾರ್ನರ್ ಬ್ರದರ್ಸ್ ಕಂಪನಿಯೂ ನ್ಯೂಯಾರ್ಕಿನ ಕೋರ್ಟಿಗೆ ಹೋದರು. 2008ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಆಕರ ಗ್ರಂಥ ಬರೆಯುವುದು ತಪ್ಪಲ್ಲ, ಆ ಹಕ್ಕು ಮೂಲ ಲೇಖಕರ ಕೈಯಲ್ಲೇ ಇಲ್ಲ ಅಂತ ಕೋರ್ಟು ಒಪ್ಪಿತು. ಆದರೆ ಈ ಪುಸ್ತಕ ಲೇಖಕಿಯ ಸಾಲುಗಳನ್ನು ಅಗತ್ಯಕ್ಕಿಂತ ಜಾಸ್ತಿ ಎತ್ತಿಕೊಂಡಿದೆ ಅಂತ ತಡೆ ಕೊಟ್ಟಿತು, 6,750 ಡಾಲರ್ ದಂಡ ಕಟ್ಟಿಸಿತು. ಆಮೇಲೆ ತಿದ್ದಿ ಬರೆದ ಪುಸ್ತಕ 2009ರಲ್ಲಿ ಹೊರಬಂತು. ಕೆಲಸ ಅದೇ, ವಿಷಯ ಅದೇ. ತಮ್ಮ ಮಾತಿನಲ್ಲಿ ಬರೆದಾಗ ದಾರಿ ಸಿಕ್ಕಿತು.

ಹಾಗಾಗಿ ಪುಸ್ತಕದ ಕಥಾಸಾರಾಂಶ ಇದ್ದ ಹಾಗೇ ಹಾಕಿರುವುದನ್ನು ತೆಗೆದು ನೀವೇ ಬರೆಯಿರಿ. ‘ಬೆಳ್ಳಿತೆರೆಯ ಮೇಲೆ ನೋಡಿ’ ಅನ್ನುವಂಥ ಒಂದೆರಡು ಸಾಲನ್ನು ಆ ಪುಸ್ತಕಗಳ ರೀತಿ ವಿವರಿಸಲು ಎತ್ತಿ ತೋರಿಸಿದರೆ ತೊಂದರೆ ಇಲ್ಲ.


ಕರಿಕೋಟು ಉತ್ತರ

ಹದಿಮೂರು ವರ್ಷದಿಂದ ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಇಲ್ಲಿ ಹೇಳುವುದು ಸಾಮಾನ್ಯ ತಿಳಿವಳಿಕೆಗೆ. ನೋಟಿಸ್ ಬಂದರೆ ಕಾಗದ ಹಿಡಿದು ಯಾರಾದರೂ ವಕೀಲರ ಹತ್ತಿರ ಕೂತು ಮಾತಾಡಿ.

ಆ ‘ಉದ್ದೇಶ ಇಲ್ಲ’ ಅನ್ನುವ ಸಾಲು ತೆಗೆದುಬಿಡಿ. ಅದರಿಂದ ಯಾವ ರಕ್ಷಣೆಯೂ ಇಲ್ಲ. ದುಡ್ಡು ಮಾಡುತ್ತಿಲ್ಲ ಅನ್ನುವುದು ಒಳ್ಳೆಯದೇ, ಆದರೆ ಅದೊಂದೇ ನಿಮ್ಮನ್ನು ಕಾಪಾಡುವುದಿಲ್ಲ. ನಾಲ್ಕು ಸಾಲಿನ ತನಕ ಹಾಕಬಹುದು, ಮೂವತ್ತು ಸೆಕೆಂಡ್ ತನಕ ಕೇಳಿಸಬಹುದು ಅಂತೆಲ್ಲ ಹೇಳುತ್ತಾರೆ. ನಮ್ಮ ಕಾನೂನಿನಲ್ಲಿ ಹಾಗೆ ಲೆಕ್ಕ ಇಲ್ಲ. 52ನೇ ಸೆಕ್ಷನ್ ಹೇಳುವುದು ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ಇಂಥದ್ದಕ್ಕೆ ನ್ಯಾಯವಾಗಿ ಬಳಸಬಹುದು ಅಂತ. ಹಾಡಿನ ಪಲ್ಲವಿ ಹಾಕಿ, ಅದರ ಮಾತು, ಛಂದಸ್ಸು, ಸನ್ನಿವೇಶದ ಬಗ್ಗೆ ನೀವು ಎರಡು ಪ್ಯಾರಾ ಬರೆದರೆ ಅದು ವಿಮರ್ಶೆ. ಪೂರ್ತಿ ಹಾಡು ಹಾಕಿ ಕೆಳಗೆ ಒಂದು ಸಾಲೂ ಬರೆಯದಿದ್ದರೆ ಅದು ನಕಲು.

ಈಗ ಅವಧಿ. ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. ಸಿನಿಮಾ ಬೇರೆ, ಅದರೊಳಗಿನ ಹಾಡಿನ ಸಾಹಿತ್ಯ ಬೇರೆ. ಸಿನಿಮಾಕ್ಕೆ ಬಿಡುಗಡೆ ಆದ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. ಧ್ವನಿಮುದ್ರಣಕ್ಕೂ ಪ್ರಕಟವಾದ ವರ್ಷದಿಂದ ಇದೇ ಲೆಕ್ಕ. ‘ಬೇಡರ ಕಣ್ಣಪ್ಪ’ 1954ರದ್ದು, ಹಾಗಾಗಿ ಸಿನಿಮಾದ ಹಕ್ಕು 2014ರ ಕೊನೆಗೆ ಮುಗಿಯಿತು. ಸಿನಿಮಾದ ಒಂದು ಫ್ರೇಮನ್ನು ಚಿತ್ರವಾಗಿ ತೆಗೆಯುವ ಹಕ್ಕೂ ಸಿನಿಮಾ ಹಕ್ಕಿನ ಒಳಗೇ ಬರುತ್ತದೆ, ಅವಧಿ ಮುಗಿದ ಚಿತ್ರಗಳಿಂದ ಸ್ಟಿಲ್ ತೆಗೆದು ಹಾಕಲು ನಿಮಗೆ ಅನುಕೂಲ. ಸಾಹಿತ್ಯಕ್ಕೆ ಮಾತ್ರ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಚಿ. ಉದಯಶಂಕರ್ 1993ರಲ್ಲಿ ತೀರಿಕೊಂಡರು, ಅವರ ಸಾಹಿತ್ಯದ ಹಕ್ಕು 2053ರ ಕೊನೆ ತನಕ ಇರುತ್ತದೆ, ಸಿನಿಮಾ ಎಷ್ಟೇ ಹಳೆಯದಾಗಲಿ. ಸಿನಿಮಾದಲ್ಲಿ ಬಳಸಿದ ಕವಿತೆಗಳಿಗೂ ಹೀಗೇ. ಬೇಂದ್ರೆ 1981, ಅಂದರೆ 2041ರ ಕೊನೆ. ಕುವೆಂಪು 1994, ಅಂದರೆ 2054ರ ಕೊನೆ. ಗೋವಿಂದ ಪೈ 1963ರಲ್ಲಿ ಹೋದರು, ಅವರು ಬದುಕಿದ್ದಾಗ ಪ್ರಕಟಿಸಿದ್ದೆಲ್ಲ 2024ರ ಜನವರಿ 1ರಿಂದ ಎಲ್ಲರದ್ದು.

ಒಳ್ಳೆಯ ಸುದ್ದಿಯೂ ಇದೆ. ಆ ಕಾಲದ ಭಕ್ತಿಚಿತ್ರಗಳಲ್ಲಿ ವಚನ, ದಾಸರ ಪದ ಬೇಕಾದಷ್ಟು ಇವೆ. ಬಸವಣ್ಣನವರ ಮಾತಿಗೂ ಪುರಂದರದಾಸರ ಪದಕ್ಕೂ ಯಾರ ಅನುಮತಿಯೂ ಬೇಡ. ಸಿನಿಮಾಕ್ಕೆ ಹೊಸದಾಗಿ ಮಾಡಿದ ರಾಗಸಂಯೋಜನೆ ಬೇರೆ ವಿಷಯ. ನೀವು ಹಾಕುತ್ತಿರುವುದು ಮಾತು ಮಾತ್ರ ತಾನೆ.

ಮುಖಪುಟ ಹಾಗೂ ಸಾರಾಂಶದ ಬಗ್ಗೆ. ಹೆಸರು ಹಾಕದೆ ಪ್ರಕಟವಾದ ಬರಹಕ್ಕೆ, ಕೈಯಲ್ಲಿ ಬರೆದ ಚಿತ್ರಕ್ಕೆ 23ನೇ ಸೆಕ್ಷನ್ ಪ್ರಕಾರ ಪ್ರಕಟವಾದ ಮೇಲೆ 60 ವರ್ಷ, ಆ ಅವಧಿಯೊಳಗೆ ಬರೆದವರು ಯಾರು ಅಂತ ಹೊರಬಂದಿರದಿದ್ದರೆ. 1960ರ ಪುಸ್ತಕ, ಸಾರಾಂಶಕ್ಕೆ ಹೆಸರಿಲ್ಲ, ಚಿತ್ರದ ಮೂಲೆಯಲ್ಲಿ ಸಹಿ ಇಲ್ಲ ಅಂದರೆ 2021ರ ಜನವರಿ 1ರಿಂದ ಮುಕ್ತ. ಹಾಗಾಗಿ ಮೇಲಿನವರು ಹೇಳಿದ ಹಾಗೆ ಎಲ್ಲವನ್ನೂ ತೆಗೆಯಬೇಕಿಲ್ಲ. ಒಂದೊಂದು ಪುಸ್ತಕವನ್ನೂ ಲೆನ್ಸ್ ಹಿಡಿದು ನೋಡಿ. ಕಲಾವಿದರು ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆದಿರುತ್ತಾರೆ.

ಪಕ್ಕದ ಸೈಟಿನ ಬಗ್ಗೆ ಕೇಳಿದಿರಿ. ನೋವಾಗುತ್ತದೆ, ಆದರೂ ಹೇಳಬೇಕು. ಟೈಪ್ ಮಾಡಿದ್ದಕ್ಕೆ ನಿಮಗೆ ಹಕ್ಕು ಬರುವುದಿಲ್ಲ. ಬರೀ ಶ್ರಮ ಸಾಲದು, ಸ್ವಂತದ್ದು ಒಂಚೂರಾದರೂ ಇರಬೇಕು ಅಂತ ಸುಪ್ರೀಂ ಕೋರ್ಟು 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ನೀವೇ ಬರೆದ ಟಿಪ್ಪಣಿ, ಪರಿಚಯ ಇದ್ದರೆ ಅದರ ಮೇಲೆ ಹಕ್ಕು ನಿಮ್ಮದು, ಅಷ್ಟಕ್ಕೆ ನೋಟಿಸ್ ಕಳಿಸಬಹುದು. ನಮ್ಮಲ್ಲಿ ದೂರು ಬಂದರೆ ಸೈಟನ್ನು ಇಟ್ಟುಕೊಂಡವರು 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು, 21 ದಿನ ಅದನ್ನು ತಡೆಹಿಡಿಯಬೇಕು. ಅಷ್ಟರಲ್ಲಿ ದೂರು ಕೊಟ್ಟವರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ನಿಮ್ಮ ಮೇಲೆ ಬಂದರೂ ಇದೇ ನಿಯಮ.


ಲಿನಕ್ಸ್‌ಮನೆ ಉತ್ತರ

ಲೈಸೆನ್ಸ್ ಬಗ್ಗೆ ನಾನು ಹೇಳುತ್ತೇನೆ. ಮೇಲಿನವರು ಇದನ್ನು ಬಿಟ್ಟಿದ್ದಾರೆ. ನನಗೆ ಕೇಳಿದರೆ ನೀವು ಇವತ್ತೇ ಮಾಡಬೇಕಾದ ಕೆಲಸ ಇದೇ.

ನಿಮ್ಮ ವಿಕಿಯಲ್ಲಿ ಆರು ಜನ ಬರೆದಿದ್ದೀರಿ. ಯಾವ ಲೈಸೆನ್ಸ್ ಅಂತ ಎಲ್ಲೂ ಹೇಳಿಲ್ಲ. ಅಂದರೆ ಒಬ್ಬೊಬ್ಬರು ಬರೆದ ಪ್ಯಾರಾಕ್ಕೂ ಅವರವರೇ ಒಡೆಯರು. ನಾಳೆ ಒಬ್ಬರು ಮುನಿಸಿಕೊಂಡು ‘ನಾನು ಬರೆದದ್ದು ತೆಗೆಯಿರಿ’ ಅಂದರೆ ಇಡೀ ಪುಟ ಹರಿದುಹೋಗುತ್ತದೆ. ಆರು ಜನ ಇರುವಾಗಲೇ ಎಲ್ಲರ ಒಪ್ಪಿಗೆಯನ್ನು ಮೇಲ್‌ನಲ್ಲಿ ತೆಗೆದುಕೊಳ್ಳಿ. ಅರವತ್ತು ಜನ ಆದ ಮೇಲೆ ಅರ್ಧ ಜನರ ವಿಳಾಸವೇ ಸಿಗುವುದಿಲ್ಲ. ವಿಕಿಪೀಡಿಯದಂಥ ವಿಕಿಪೀಡಿಯಕ್ಕೇ ಈ ಕಷ್ಟ ಬಂದಿತ್ತು. ಶುರುವಿನಲ್ಲಿ ಅವರು ಹಾಕಿಕೊಂಡದ್ದು ಜಿಎಫ್‌ಡಿಎಲ್, ಸಾಫ್ಟ್‌ವೇರ್ ಕೈಪಿಡಿಗಳಿಗೆ ಅಂತ ಮಾಡಿದ ಲೈಸೆನ್ಸ್. ಬರಹ, ಚಿತ್ರಗಳನ್ನು ಹಂಚಿಕೊಳ್ಳಲು ಅಂತಲೇ ಮಾಡಿದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸಿಗೆ ಹೋಗಬೇಕು ಅಂದಾಗ ಲಕ್ಷಾಂತರ ಬರಹಗಾರರನ್ನು ಕೇಳಲು ಆಗುತ್ತದೆಯೇ? ಕೊನೆಗೆ ಜಿಎಫ್‌ಡಿಎಲ್ ಮಾಡಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ನವೆಂಬರ್‌ನಲ್ಲಿ ಆ ಲೈಸೆನ್ಸಿನ ಹೊಸ ಆವೃತ್ತಿಯನ್ನೇ ಬರೆದು ದಾರಿ ಮಾಡಿಕೊಡಬೇಕಾಯಿತು, 2009ರಲ್ಲಿ ಬದಲಾಯಿತು. ನಮಗೆ ನಿಮಗೆ ಹಾಗೆ ಯಾರೂ ಬರೆದುಕೊಡುವುದಿಲ್ಲ.

ಹಾಕಬೇಕಾದದ್ದು ಸಿಸಿ ಬಿವೈ-ಎಸ್ಎ 4.0. ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು ಅನ್ನುವುದು ಅದರ ಸಾರ. 3.0 ಬೇಡ. ವಿಕಿಪೀಡಿಯ 2023ರ ಜೂನ್‌ನಿಂದ 4.0ಗೆ ಬಂದಿದೆ. 3.0ರ ಬರಹ ಸೇರಿಸಿ ಬೆಳೆಸಿದ ಪುಟವನ್ನು 4.0ರಲ್ಲಿ ಹಂಚಬಹುದು, 4.0ರದ್ದನ್ನು 3.0 ವಿಕಿಗೆ ತರುವ ಹಾಗಿಲ್ಲ. ಕಲಾವಿದರ ಪರಿಚಯ ವಿಕಿಪೀಡಿಯದಿಂದ ತಂದಿದ್ದೀರಲ್ಲ, ಅದು ತಪ್ಪಲ್ಲ, ಆದರೆ ಸುಮ್ನೆ ತರುವ ಹಾಗಿಲ್ಲ. ಪುಟದ ಕೆಳಗೆ ಯಾವ ಲೇಖನದಿಂದ ಬಂತು ಅಂತ ಕೊಂಡಿ, ಲೈಸೆನ್ಸಿನ ಹೆಸರು, ಏನು ಬದಲಾಯಿಸಿದಿರಿ ಅಂತ ಒಂದು ಸಾಲು ಬೇಕು. ಇಷ್ಟು ದಿನ ಹಾಕಿರದಿದ್ದರೆ ಇವತ್ತು ರಾತ್ರಿ ಹಾಕಿ.

ಆ ಜಾಹೀರಾತಿನ ಸೈಟಿನ ಮೇಲಿನ ಸಿಟ್ಟಿಗೆ ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಅನ್ನುವ ಎನ್‌ಸಿ ಲೈಸೆನ್ಸ್ ಹಾಕಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹಾಕಬೇಡಿ. ವಿಕಿಪೀಡಿಯದ ಬರಹ ಅದರೊಳಗೆ ಬೆರೆಯುವುದಿಲ್ಲ, ನಿಮ್ಮ ಬರಹ ಕನ್ನಡ ವಿಕಿಪೀಡಿಯಕ್ಕೆ ಹೋಗುವುದಿಲ್ಲ, ಚಿತ್ರಗಳನ್ನು ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್ ಸೇರಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಇರುವುದೇ ಸ್ವಲ್ಪ, ಅದರ ನಡುವೆ ಗೋಡೆ ಕಟ್ಟಿದರೆ ಹೇಗೆ? 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಕೊಟ್ಟಿತು. ಅದೇ ವರ್ಷ ನಿರಂಜನರ 55 ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಹಾಗೇ ಬಿಟ್ಟುಕೊಟ್ಟರು. ಅದರಿಂದ ಎಷ್ಟು ಜನ ಓದಿದ್ದೇವೆ, ಬರೆದಿದ್ದೇವೆ.

ಇನ್ನೊಂದು ಮುಖ್ಯ ಮಾತು. ಪುಟದ ತಳದಲ್ಲಿ ‘ಇಲ್ಲಿರುವುದೆಲ್ಲ ಬಿವೈ-ಎಸ್ಎ’ ಅಂತ ಬರೆಯಬೇಡಿ. ನಿಮ್ಮದಲ್ಲದ್ದನ್ನು ನೀವು ಹಂಚಿಕೊಡಲು ಬರುವುದಿಲ್ಲ. ಚಿತ್ರಗಳಿಗೆ ಒಂದೊಂದಕ್ಕೂ ಬೇರೆ ಚೀಟಿ ಬೇಕು: ಯಾವ ಪುಸ್ತಕ, ಯಾವ ವರ್ಷ, ಯಾರ ಸಹಿ, ಯಾಕೆ ಮುಕ್ತ ಅಂದುಕೊಂಡಿದ್ದೀರಿ. ಮೀಡಿಯಾವಿಕಿಯಲ್ಲಿ ಟೆಂಪ್ಲೇಟ್ ಮಾಡಿಟ್ಟರೆ ಅರ್ಧ ನಿಮಿಷದ ಕೆಲಸ. ಬೇಕಾದರೆ ನನ್ನದು ಕೊಡುತ್ತೇನೆ.


ಕಲ್ಪತರುನಾಡು ಉತ್ತರ

ನಾನು ಒಬ್ಬ ನಟರ ಬಗ್ಗೆ ವಿಕಿ ಮಾಡಿದ್ದೆ. ನಾಲ್ಕು ವರ್ಷದ ಕೆಲಸ. ಪುಕ್ಕಟೆ ಜಾಗ ಕೊಡುವ ಒಂದು ಸೈಟಿನಲ್ಲಿ ಇಟ್ಟಿದ್ದೆ. ಚಿತ್ರಗಳನ್ನೆಲ್ಲ ನೆಟ್‌ನಲ್ಲಿ ಸಿಕ್ಕಿದ್ದು ಸಿಕ್ಕಿದ ಹಾಗೆ ಹಾಕಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಇಡೀ ವಿಕಿ ಇಲ್ಲ. ಹದಿನೇಳು ಫೋಟೋಗಳ ಮೇಲೆ ದೂರು ಬಂದಿದೆ ಅಂತ ಒಂದು ಮೇಲ್, ಅದೂ ಸ್ಪ್ಯಾಮ್‌ನಲ್ಲಿ. ಫೋಟೋ ಹೋದರೆ ಹೋಗಲಿ, ನಾನು ಆ ನಟರ ಜೊತೆ ಕೆಲಸ ಮಾಡಿದ ಮೇಕಪ್‌ನವರನ್ನು, ಲೈಟ್‌ಬಾಯ್‌ಗಳನ್ನು ಕಂಡು ಬರೆದುಕೊಂಡ ಮಾತುಗಳೂ ಹೋದವು. ಅವರಲ್ಲಿ ಇಬ್ಬರು ಈಗ ಇಲ್ಲ. ದಯವಿಟ್ಟು ಪ್ರತಿ ವಾರ ಡೇಟಾಬೇಸ್ ಬ್ಯಾಕಪ್ ತೆಗೆದು ಇಬ್ಬರ ಮನೆಯಲ್ಲಿ ಇಡಿ. ಸರ್ವರ್ ಕಂಪನಿ ಅಮೆರಿಕದ್ದಾದರೆ ಅಲ್ಲಿನ ಡಿಎಂಸಿಎ ಅನ್ನುವ ಕಾಪಿರೈಟ್ ಕಾನೂನಿನ ಪ್ರಕಾರ ದೂರು ಬರುತ್ತದೆ, ಆ ಮೇಲ್ ವಿಳಾಸವನ್ನು ದಿನಾ ಯಾರಾದರೂ ನೋಡುತ್ತಿರಬೇಕು.

ಅನುಮತಿ ಕೇಳಲು ಹಿಂಜರಿಯಬೇಡಿ. ನಾನು ಎರಡನೇ ಸಲ ಶುರು ಮಾಡಿದಾಗ ಒಬ್ಬ ಹಳೆಯ ಗೀತರಚನೆಕಾರರ ಮನೆಗೆ ಹೋಗಿದ್ದೆ. ಅವರ ಸೊಸೆ ಕಾಫಿ ಕೊಟ್ಟು, ಮೂರು ಗಂಟೆ ಮಾತಾಡಿ, ಬೇಕಾದಷ್ಟು ಹಾಕಿಕೊಳ್ಳಮ್ಮ ಅಂದರು. ಬಾಯಿಮಾತಿನಲ್ಲಿ ಬಂದುಬಿಟ್ಟೆ. ಆಮೇಲೆ ಗೊತ್ತಾಯಿತು ಅದು ಬರಹದಲ್ಲಿ ಬೇಕು ಅಂತ. ಕರಿಕೋಟು ಸರ್, ಬರಹದಲ್ಲಿ ಏನೇನು ಇರಬೇಕು ಅಂತ ದಯವಿಟ್ಟು ಹೇಳಿ.


ಕರಿಕೋಟು ಉತ್ತರ

ಮೇಡಂ, ಒಳ್ಳೆಯ ಪ್ರಶ್ನೆ. ಲೈಸೆನ್ಸ್ ಬರಹದಲ್ಲಿ ಇರಬೇಕು ಅಂತ 30ನೇ ಸೆಕ್ಷನ್ ಹೇಳುತ್ತದೆ. ಕಾಗದದಲ್ಲಿ ಯಾವ ಯಾವ ಹಾಡು, ಎಲ್ಲಿ ಹಾಕುತ್ತೀರಿ, ಎಷ್ಟು ಕಾಲಕ್ಕೆ, ಯಾವ ದೇಶಗಳಿಗೆ ಅಂತ ಬಿಡಿಸಿ ಬರೆಸಿ. ಕೊನೆಯ ಎರಡನ್ನು ಎಲ್ಲರೂ ಮರೆಯುತ್ತಾರೆ. ಕಾಲ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ವಿಕಿಯನ್ನು ದುಬೈ, ಅಮೆರಿಕದಲ್ಲಿರುವ ನಮ್ಮವರೂ ಓದುತ್ತಾರೆ ತಾನೆ, ‘ಇಡೀ ಜಗತ್ತಿಗೆ, ಕಾಪಿರೈಟ್ ಇರುವಷ್ಟು ಕಾಲ’ ಅಂತ ಸ್ಪಷ್ಟವಾಗಿ ಬರೆಸಿ.

ಒಂದು ತೊಡಕು ಇದೆ. ಹಳೆಯ ಸಿನಿಮಾ ಹಾಡುಗಳಲ್ಲಿ ಸಾಹಿತ್ಯದ ಹಕ್ಕು ಬರೆದವರ ಮನೆಯಲ್ಲೇ ಇದೆ ಅನ್ನುವ ಹಾಗಿಲ್ಲ. ದುಡ್ಡು ಕೊಟ್ಟು ಸಿನಿಮಾಕ್ಕಾಗಿ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ನಿರ್ಮಾಪಕರೇ ಮೊದಲ ಒಡೆಯರು ಅಂತ ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತ್ತು. 2012ರ ತಿದ್ದುಪಡಿ ಗೀತರಚನೆಕಾರರಿಗೆ, ಸಂಗೀತ ನಿರ್ದೇಶಕರಿಗೆ ಗೌರವಧನದ ಹಕ್ಕನ್ನು ಗಟ್ಟಿ ಮಾಡಿತು. ಹಳೆಯ ಒಪ್ಪಂದಗಳು ಎಷ್ಟೋ ನಿರ್ಮಾಪಕರ ಹತ್ತಿರ, ಅವರಿಂದ ರೆಕಾರ್ಡ್ ಕಂಪನಿಗಳ ಹತ್ತಿರ ಹೋಗಿವೆ. ಮನೆಯವರನ್ನು ಕೇಳಿ, ಆದರೆ ‘ಹಕ್ಕು ನಿಮ್ಮ ಹತ್ತಿರವೇ ಇದೆಯಾ, ಕಾಗದ ಇದೆಯಾ’ ಅಂತಲೂ ಕೇಳಿ.

ಪದ್ಯಾವಳಿ ಅವರೇ, ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಮಾವ ಪೆನ್ಸಿಲ್‌ನಲ್ಲಿ ಬರೆದದ್ದು ಇದೆಯಲ್ಲ, ಅದರ ಸ್ಕ್ಯಾನ್ ಕೂಡ ಹಾಕಿದ್ದೀರಾ? ಅದು ಅವರ ಬರಹ. ಅವರ ನಂತರ ಅದರ ಹಕ್ಕು ವಾರಸುದಾರರದ್ದು. ಟ್ರಂಕು ನಿಮ್ಮ ಮನೆಯಲ್ಲಿ ಇದೆ ಅಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಅತ್ತೆಯನ್ನೂ ಅವರ ಮಕ್ಕಳನ್ನೂ ಕೇಳಿ.


ಲಿನಕ್ಸ್‌ಮನೆ ಉತ್ತರ

ಹೌದು! ನನಗೆ ಕೇಳಿದರೆ ಆ ಪೆನ್ಸಿಲ್ ಬರಹಗಳೇ ಈ ವಿಕಿಯ ಜೀವ. ಹಾಡುಗಳ ಸಾಹಿತ್ಯ ನೂರು ಸೈಟಿನಲ್ಲಿ ಸಿಗುತ್ತದೆ. ಯಾವ ಊರ ಟೆಂಟಿನಲ್ಲಿ ಯಾವ ಸಿನಿಮಾ ಯಾವಾಗ ಓಡಿತು, ಟಿಕೆಟ್ ಎಷ್ಟಿತ್ತು ಅನ್ನುವುದು ಎಲ್ಲೂ ಸಿಗುವುದಿಲ್ಲ. ಮನೆಯವರು ಒಪ್ಪಿದರೆ ಅದನ್ನು ಮೊದಲ ಪುಟಕ್ಕೆ ತನ್ನಿ.


ಪದ್ಯಾವಳಿ ಉತ್ತರ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ನಾವು ಆರೂ ಜನ ಫೋನಿನಲ್ಲಿ ಕೂತು ಮಾತಾಡಿದೆವು. ಬಿವೈ-ಎಸ್ಎ 4.0ಗೆ ಆರೂ ಜನರ ಒಪ್ಪಿಗೆ ಮೇಲ್‌ನಲ್ಲಿ ಬಂತು. 380 ಹಾಡುಗಳಲ್ಲಿ ವಚನ, ದಾಸರ ಪದ ಅಂತ 44 ಸಿಕ್ಕಿವೆ, ಅವು ಉಳಿಯುತ್ತವೆ. ಉಳಿದವನ್ನು ಸದ್ಯಕ್ಕೆ ಮರೆಮಾಡಿದ್ದೇವೆ, ಪಲ್ಲವಿ ಇಟ್ಟುಕೊಂಡು ಒಂದೊಂದರ ಮೇಲೆ ಬರೆಯುತ್ತಾ ಹೋಗುತ್ತೇವೆ, ಇದು ವರ್ಷದ ಕೆಲಸ. ಮುಖಪುಟಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಂಬತ್ತರಲ್ಲಿ ಮೂಲೆಯಲ್ಲಿ ಸಹಿ ಇದೆ, ಇಷ್ಟು ವರ್ಷ ನಾನು ಅದನ್ನು ನೋಡಿಯೇ ಇರಲಿಲ್ಲ. ಅವನ್ನು ತೆಗೆದಿದ್ದೇನೆ, ಆ ಕಲಾವಿದರು ಯಾರು ಅಂತ ಹುಡುಕುತ್ತೇವೆ. ಆ ಸೈಟಿನವರಿಗೆ ನಾವೇ ಬರೆದ 23 ಪರಿಚಯಗಳ ಬಗ್ಗೆ ಮಾತ್ರ ಬರೆದಿದ್ದೇವೆ.

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. ಲೈಸೆನ್ಸ್ ಅಂದರೆ ಏನು ಅಂತ ಹೇಳಿದೆ, ಯಾರು ಬೇಕಾದರೂ ಓದಬಹುದು, ಮಾವನ ಹೆಸರು ಮಾತ್ರ ಹಾಕಲೇಬೇಕು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಕು, ಆದರೆ ‘ಜೊತೆಗೆ ಪದ್ದಿ’ ಅಂತ ಬರೆದಿರುವ ಕಡೆ ಎಲ್ಲ ಪದ್ಮಾವತಿ ಅಂತ ಪೂರ್ತಿ ಹೆಸರು ಹಾಕು ಅಂದರು. ಮಕ್ಕಳಿಬ್ಬರ ಸಹಿಯನ್ನೂ ಅವರೇ ತೆಗೆದುಕೊಡುತ್ತಾರಂತೆ. ಭಾನುವಾರ ಕಾಗದ ತೆಗೆದುಕೊಂಡು ಹೋಗುತ್ತಿದ್ದೇನೆ. ಕರಿಕೋಟು ಸರ್, ಅದರ ಕರಡನ್ನು ಒಮ್ಮೆ ನೋಡಿಕೊಡುತ್ತೀರಾ?